ಗ್ರೀಕ್ ನಗರ ರಾಜ್ಯಗಳು ಮತ್ತು ಪರ್ಷಿಯ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಚೀನ ಗ್ರೀಸ್‌ನ ಇತಿಹಾಸದಲ್ಲಿ ಆಸಕ್ತಿ ಇರುವವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಬೇರೆ ಸೂಚನೆ ಇಲ್ಲದ ಕಡೆ ವರ್ಷಗಳೆಲ್ಲ ಕ್ರಿಸ್ತಪೂರ್ವದವು.

## ಮೊದಲು ತಿಳಿಯಬೇಕಾದದ್ದು

ನಗರ ರಾಜ್ಯ ಎಂದರೆ ಏನು? ಅದು ಒಂದು ಊರೋ, ಒಂದು ದೇಶವೋ?

ಎರಡೂ ಹೌದು. ಒಂದು ಪಟ್ಟಣ, ಅದರ ಸುತ್ತಲಿನ ಹೊಲಗದ್ದೆ, ಓಲಿವ್ ತೋಪು, ಹಳ್ಳಿ, ಬಂದರುಗಳು ಸೇರಿ, ತನ್ನದೇ ಕಾನೂನು, ತನ್ನದೇ ಕುಲದೇವತೆ, ತನ್ನದೇ ಪಂಚಾಂಗ, ತನ್ನದೇ ದಂಡು ಇಟ್ಟುಕೊಂಡಿದ್ದ ಸ್ವತಂತ್ರ ಘಟಕವನ್ನು ಗ್ರೀಕರು ‘ಪೊಲಿಸ್’ ಎಂದು ಕರೆಯುತ್ತಿದ್ದರು. ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರಗಳ ತೀರದುದ್ದಕ್ಕೂ ಕಾಲಕಾಲಕ್ಕೆ ಇಂಥ ಸಾವಿರಕ್ಕೂ ಹೆಚ್ಚು ಘಟಕಗಳಿದ್ದವು. ಅಥೆನ್ಸ್ ಆಳುತ್ತಿದ್ದ ಆಟಿಕಾ ಪ್ರದೇಶ ಸುಮಾರು 2,500 ಚದರ ಕಿಲೋಮೀಟರ್ ಇತ್ತು. ಗ್ರೀಕರ ಲೆಕ್ಕದಲ್ಲಿ ಅದೇ ಬಹಳ ದೊಡ್ಡದು. ಭಾಷೆ, ದೇವರುಗಳು, ಒಲಿಂಪಿಯಾದ ಆಟಗಳು ಎಲ್ಲರಿಗೂ ಸಾಮಾನ್ಯವಾಗಿದ್ದರೂ ‘ಗ್ರೀಸ್’ ಎಂಬ ಒಂದು ರಾಜ್ಯ ಆಗ ಇರಲಿಲ್ಲ. ಮುಂದಿನ ಪ್ರತಿ ಉತ್ತರವನ್ನು ಓದುವಾಗಲೂ ಇದು ನೆನಪಿನಲ್ಲಿರಬೇಕು.

ಅಷ್ಟು ದೊಡ್ಡ ಪರ್ಷಿಯ ಸಾಮ್ರಾಜ್ಯಕ್ಕೆ ಈ ಸಣ್ಣ ಊರುಗಳ ಜೊತೆ ಜಗಳ ಬಂದದ್ದಾದರೂ ಏಕೆ?

ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ ಮೈಲೀಟಸ್, ಎಫಿಸಸ್ ಮುಂತಾದ ಗ್ರೀಕ್ ಪಟ್ಟಣಗಳಿದ್ದವು. ಆ ಭಾಗಕ್ಕೆ ಅಯೋನಿಯ ಎಂದು ಹೆಸರು. ಸುಮಾರು 546ರಲ್ಲಿ ಪರ್ಷಿಯದ ಅರಸ ಸೈರಸ್ ಲಿಡಿಯ ರಾಜ್ಯವನ್ನು ಗೆದ್ದಾಗ, ಲಿಡಿಯಕ್ಕೆ ಕಪ್ಪ ಕೊಡುತ್ತಿದ್ದ ಈ ಪಟ್ಟಣಗಳು ಪರ್ಷಿಯದ ಕೈಗೆ ಬಂದವು. ಪರ್ಷಿಯ ಅಲ್ಲಿ ತನಗೆ ಬೇಕಾದ ಸ್ಥಳೀಯರನ್ನು ನಿರಂಕುಶಾಧಿಕಾರಿಗಳಾಗಿ ಕೂರಿಸಿ ಆಳಿತು. 499ರಲ್ಲಿ ಮೈಲೀಟಸ್‌ನ ಅರಿಸ್ಟಾಗೊರಸ್, ತಾನೇ ಹುರಿದುಂಬಿಸಿ ಹೊರಡಿಸಿದ್ದ ನಾಕ್ಸಸ್ ದಂಡಯಾತ್ರೆ ಸೋತದ್ದರಿಂದ ಅಧಿಕಾರ ಹೋಗುವ ಭಯಕ್ಕೆ ಬಿದ್ದು, ದಂಗೆಗೆ ಕರೆ ಕೊಟ್ಟ. ಸ್ಪಾರ್ಟಾ ನೆರವು ನಿರಾಕರಿಸಿತು. ಅಥೆನ್ಸ್ 20 ಹಡಗುಗಳನ್ನು, ಎರಿಟ್ರಿಯ 5 ಹಡಗುಗಳನ್ನು ಕಳಿಸಿದವು. ದಂಗೆಕೋರರು ಪ್ರಾಂತದ ರಾಜಧಾನಿ ಸಾರ್ಡಿಸ್‌ಗೆ ನುಗ್ಗಿದಾಗ ಊರಿಗೆ ಬೆಂಕಿ ಬಿತ್ತು, ಅಲ್ಲಿನ ಸಿಬೆಲೆ ದೇವಿಯ ಗುಡಿಯೂ ಸುಟ್ಟುಹೋಯಿತು. 494ರಲ್ಲಿ ಲಾಡೆ ದ್ವೀಪದ ಬಳಿ ಅಯೋನಿಯದ ನೌಕಾಪಡೆ ಸೋತಿತು, ಮೈಲೀಟಸ್ ನಾಶವಾಯಿತು. ಅಥೆನ್ಸ್‌ನ ಆ 20 ಹಡಗುಗಳೇ ಮುಂದಿನ ಕೇಡುಗಳಿಗೆಲ್ಲ ಮೊದಲು ಎಂಬುದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ತೀರ್ಮಾನ.

ಪರ್ಷಿಯದವರು ‘ಮಣ್ಣು ಮತ್ತು ನೀರು’ ಕೇಳುತ್ತಿದ್ದರಂತೆ. ಅದರ ಅರ್ಥವೇನು?

ಅದು ಶರಣಾಗತಿಯ ಕುರುಹು. ನೆಲವೂ ಜಲವೂ ಅರಸನದೇ ಎಂದು ಒಪ್ಪಿ, ಅವನ ರಕ್ಷಣೆಗೆ ಒಳಗಾಗುವುದನ್ನು ಅದು ಸೂಚಿಸುತ್ತಿತ್ತು. 491ರಲ್ಲಿ ಪರ್ಷಿಯದ ಅರಸ ಡೇರಿಯಸ್‌ನ ದೂತರು ಇದನ್ನು ಕೇಳಿ ಬಂದಾಗ ಅಥೆನ್ಸ್‌ನವರು ಅವರನ್ನು ಕಂದಕಕ್ಕೆ, ಸ್ಪಾರ್ಟಾದವರು ಬಾವಿಗೆ ತಳ್ಳಿದರೆಂಬ ಕಥೆ ಪ್ರಸಿದ್ಧ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಸುಮಾರು 507ರಲ್ಲಿ, ಸ್ಪಾರ್ಟಾದ ದಾಳಿಗೆ ಹೆದರಿದ್ದ ಅಥೆನ್ಸ್ ತಾನಾಗಿಯೇ ಸಾರ್ಡಿಸ್‌ಗೆ ದೂತರನ್ನು ಕಳಿಸಿ ಮೈತ್ರಿ ಬೇಡಿತು. ಪ್ರಾಂತಾಧಿಪತಿ ಆರ್ಟಫರ್ನೀಸ್ ಮಣ್ಣು ನೀರು ಕೇಳಿದ, ದೂತರು ಕೊಟ್ಟರು. ಊರಿಗೆ ಮರಳಿದ ಮೇಲೆ ಅವರು ಬೈಸಿಕೊಂಡರು ನಿಜ, ಆದರೆ ಪರ್ಷಿಯದ ಲೆಕ್ಕದಲ್ಲಿ ಅಥೆನ್ಸ್ ಅಂದಿನಿಂದ ಸಾಮಂತ ಊರು. ಹಾಗಾಗಿ ಸಾರ್ಡಿಸ್‌ನ ಬೆಂಕಿ ಡೇರಿಯಸ್‌ನ ಕಣ್ಣಿಗೆ ಕಂಡದ್ದು ಮಾತು ಕೊಟ್ಟವರ ದ್ರೋಹವಾಗಿ.

ಗ್ರೀಕರೆಲ್ಲ ಒಗ್ಗಟ್ಟಾಗಿ ಹೋರಾಡಿದರಲ್ಲವೇ?

ಇಲ್ಲ. 481ರಲ್ಲಿ, ಡೇರಿಯಸ್‌ನ ಮಗ ಕ್ಸರ್ಕ್ಸಿಸ್ ದಂಡೆತ್ತಿ ಬರಲಿದ್ದಾಗ, ಕಾರಿಂತ್ ಭೂಸಂಧಿಯಲ್ಲಿ ಸೇರಿ ಪ್ರತಿಜ್ಞೆ ಮಾಡಿದ ಊರುಗಳ ಸಂಖ್ಯೆ ಚಿಕ್ಕದು. ಗೆಲುವಿನ ನಂತರ ಡೆಲ್ಫಿಯಲ್ಲಿ ಮೂರು ಹಾವುಗಳು ಹೆಣೆದುಕೊಂಡಿರುವ ಕಂಚಿನ ಕಂಬವೊಂದನ್ನು ನಿಲ್ಲಿಸಿ, ಹೋರಾಡಿದ ಊರುಗಳ ಹೆಸರುಗಳನ್ನು ಹಾವಿನ ಸುರುಳಿಗಳ ಮೇಲೆ ಕೆತ್ತಿದರು. ಅಲ್ಲಿರುವುದು 31 ಹೆಸರು. ಆ ಕಂಬದ ಉಳಿದ ಭಾಗ ಇಂದು ಇಸ್ತಾಂಬುಲ್‌ನ ಹಳೆಯ ಕುದುರೆ ಪಂದ್ಯದ ಮೈದಾನದಲ್ಲಿ ನಿಂತಿದೆ. ಥೆಸ್ಸಲಿ ಪರ್ಷಿಯವನ್ನು ಸೇರಿತು, ಥರ್ಮೋಪಿಲೆ ಕದನದ ನಂತರ ಥೀಬ್ಸ್ ಕೂಡ ಸೇರಿತು. ಸುಮಾರು 494ರಲ್ಲಿ ಸ್ಪಾರ್ಟಾದ ಕೈಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡಿದ್ದ ಆರ್ಗೋಸ್ ದೂರ ಉಳಿಯಿತು. ಸಿರಾಕ್ಯೂಸ್‌ನ ಗೆಲೋನ್ ನಾಯಕತ್ವ ಕೊಟ್ಟರೆ ಮಾತ್ರ ಬರುವೆನೆಂದ. ಇವರನ್ನೆಲ್ಲ ದ್ರೋಹಿಗಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೆ ಸರಿ ಕಾಣದು. ಉತ್ತರದ ಬಯಲಿನಲ್ಲಿದ್ದ ಊರಿಗೆ ದೊಡ್ಡ ಸೇನೆ ಮೊದಲು ಬಂದು ತಲುಪುತ್ತಿತ್ತು, ಸ್ಪಾರ್ಟಾದ ನೆರವು ಎಂದಿಗೂ ತಲುಪದಿರುವ ಸಾಧ್ಯತೆ ಇತ್ತು.

## ಕದನಗಳ ಬಗ್ಗೆ

ಮ್ಯಾರಥಾನ್‌ನಲ್ಲಿ ಕಡಿಮೆ ಜನರಿದ್ದ ಅಥೆನ್ಸ್ ಗೆದ್ದದ್ದು ಹೇಗೆ?

490ರಲ್ಲಿ ಪರ್ಷಿಯದ ದಳಪತಿಗಳಾದ ದಾತಿಸ್ ಮತ್ತು ಕಿರಿಯ ಆರ್ಟಫರ್ನೀಸ್ ಹಡಗುಗಳಲ್ಲಿ ಏಜಿಯನ್ ಸಮುದ್ರ ದಾಟಿ, ಎರಿಟ್ರಿಯವನ್ನು ನಾಶಮಾಡಿ, ಅಥೆನ್ಸ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮ್ಯಾರಥಾನ್ ಬಯಲಿನಲ್ಲಿ ಇಳಿದರು. ದಾರಿ ತೋರಿಸಿದವನು ಅಥೆನ್ಸ್‌ನಿಂದಲೇ ಗಡಿಪಾರಾಗಿದ್ದ ಮುದುಕ ಹಿಪ್ಪಿಯಾಸ್. ಎದುರಿಗೆ ಸುಮಾರು ಹತ್ತು ಸಾವಿರ ಅಥೆನ್ಸಿಗರು, ಜೊತೆಗೆ ಪುಟ್ಟ ಪ್ಲಟಿಯದಿಂದ ಬಂದ ಸಾವಿರದಷ್ಟು ಜನ. ದಳಪತಿಗಳಲ್ಲಿ ಒಬ್ಬನಾಗಿದ್ದ ಮಿಲ್ಟಿಯಾಡಿಸ್ ಹಿಂದೆ ಡೇರಿಯಸ್‌ನ ಅಧೀನದಲ್ಲಿದ್ದವನಾದ್ದರಿಂದ ಪರ್ಷಿಯದ ಯುದ್ಧಕ್ರಮವನ್ನು ಹತ್ತಿರದಿಂದ ಬಲ್ಲವನಾಗಿದ್ದ.

ಗ್ರೀಕರು ಸಾಲಿನ ನಡುಭಾಗವನ್ನು ತೆಳ್ಳಗೆ ಮಾಡಿ ಎರಡೂ ಅಂಚುಗಳನ್ನು ದಪ್ಪವಾಗಿ ನಿಲ್ಲಿಸಿ, ಬಾಣಗಳ ಮಳೆಯಲ್ಲಿ ಹೆಚ್ಚು ಹೊತ್ತು ನಿಲ್ಲದಂತೆ ಓಡುತ್ತಲೇ ಮೇಲೆ ಬಿದ್ದರು. ನಡುಭಾಗ ಒಡೆಯಿತು, ಗೆದ್ದ ಎರಡು ಅಂಚುಗಳು ಒಳಕ್ಕೆ ತಿರುಗಿ ಪರ್ಷಿಯದವರನ್ನು ಇಕ್ಕಳದಲ್ಲಿ ಹಿಡಿದವು. ಕಂಚಿನ ಶಿರಸ್ತ್ರಾಣ, ಮರದ ದೊಡ್ಡ ದುಂಡು ಗುರಾಣಿ, ಉದ್ದನೆಯ ಈಟಿ ಇದ್ದವರ ಎದುರು, ಬೆತ್ತದ ಹೆಣಿಗೆಯ ಗುರಾಣಿ ಮತ್ತು ಗಿಡ್ಡ ಈಟಿ ಹಿಡಿದ ಬಿಲ್ಲುಗಾರರು ಮೈಗೆ ಮೈ ತಾಗುವ ಕಾಳಗದಲ್ಲಿ ನಿಲ್ಲಲಾಗಲಿಲ್ಲ. ಪರ್ಷಿಯದ ಕುದುರೆ ದಂಡು ಅಂದು ಕಾದಿದ ಮಾತು ಹೆರೊಡೋಟಸ್‌ನ ವರ್ಣನೆಯಲ್ಲಿ ಬರುವುದೇ ಇಲ್ಲ. ಅವನು ಕೊಡುವ ಲೆಕ್ಕ ಪರ್ಷಿಯದ ಕಡೆ 6,400 ಸಾವು, ಅಥೆನ್ಸ್ ಕಡೆ 192. ಸತ್ತ ಅಥೆನ್ಸಿಗರ ಮೇಲೆ ಎತ್ತಿದ ಮಣ್ಣಿನ ದಿಬ್ಬವನ್ನು ಇಂದಿಗೂ ಆ ಬಯಲಿನಲ್ಲಿ ನೋಡಬಹುದು.

ಗೆದ್ದ ಸುದ್ದಿ ಹೇಳಲು ಓಡಿ ಬಂದು ಸತ್ತುಬಿದ್ದ ದೂತನ ಕಥೆ ನಿಜವೇ?

ಯುದ್ಧದ ಕಾಲಕ್ಕೆ ಹತ್ತಿರದ ಆಧಾರದಲ್ಲಿ ಅದು ಇಲ್ಲ. ಹೆರೊಡೋಟಸ್ ಹೇಳುವ ಫಿಡಿಪಿಡಿಸ್ ಓಡಿದ್ದು ಕದನಕ್ಕೆ ಮೊದಲು, ಅದೂ ನೆರವು ಕೇಳಲು ಸ್ಪಾರ್ಟಾಕ್ಕೆ. ಸುಮಾರು 240 ಕಿಲೋಮೀಟರ್ ದಾರಿಯನ್ನು ಅವನು ಮರುದಿನವೇ ತಲುಪಿದನೆಂದು ಬರೆದಿದೆ. ಸ್ಪಾರ್ಟಾದವರು ಹುಣ್ಣಿಮೆಯವರೆಗೆ ಹೊರಡುವಂತಿಲ್ಲ ಎಂದು ಉತ್ತರಿಸಿದರು. ಆಮೇಲೆ ಬಂದ ಅವರ 2,000 ಸೈನಿಕರು ಹೆಣಗಳನ್ನು ನೋಡಿ ಹೊಗಳಿ ಹಿಂದಿರುಗಿದರು. ಅಥೆನ್ಸ್‌ಗೆ ಓಡಿ ಬಂದು ಪ್ರಾಣಬಿಟ್ಟವನ ಕಥೆ ಕಾಣಿಸುವುದು ಐನೂರಕ್ಕೂ ಹೆಚ್ಚು ವರ್ಷಗಳ ನಂತರ, ಪ್ಲೂಟಾರ್ಕ್ ಮತ್ತು ಲೂಸಿಯನ್‌ರ ಬರಹಗಳಲ್ಲಿ. ಕ್ರಿ.ಶ. 1896ರ ಒಲಿಂಪಿಕ್ಸ್‌ನಲ್ಲಿ ಆರಂಭವಾದ ಮ್ಯಾರಥಾನ್ ಓಟ ಈ ತಡವಾದ ಕಥೆಯನ್ನು ನೆಚ್ಚಿಕೊಂಡಿದೆ.

ಥರ್ಮೋಪಿಲೆಯಲ್ಲಿ ಇದ್ದದ್ದು ಮುನ್ನೂರೇ ಜನರೇ?

480ರ ಬೇಸಗೆಯಲ್ಲಿ ಆ ಕಣಿವೆದಾರಿಯನ್ನು ಕಾಯಲು ನಿಂತವರು ಹೆರೊಡೋಟಸ್‌ನ ಪಟ್ಟಿಯ ಪ್ರಕಾರವೇ ಐದು ಸಾವಿರಕ್ಕೂ ಹೆಚ್ಚು. ಸ್ಪಾರ್ಟಾದ 300 ಜನ ಅದರಲ್ಲಿ ಒಂದು ಭಾಗ. ಬೆಟ್ಟದ ಹಿಂದಿನ ಕಾಲುದಾರಿಯನ್ನು ಎಫಿಯಾಲ್ಟಿಸ್ ಎಂಬ ಸ್ಥಳೀಯ ತೋರಿಸಿಕೊಟ್ಟ ನಂತರ ಸ್ಪಾರ್ಟಾದ ಅರಸ ಲಿಯೊನಿಡಾಸ್ ಹೆಚ್ಚಿನವರನ್ನು ಹಿಂದಕ್ಕೆ ಕಳಿಸಿದ. ಕೊನೆಯ ದಿನ ಅವನೊಂದಿಗೆ ಥೆಸ್ಪಿಯದ 700 ಜನ ತಾವಾಗಿ ಉಳಿದರು. ಥೀಬ್ಸ್‌ನ 400 ಜನರೂ ಇದ್ದು ಕಡೆಗೆ ಶರಣಾದರು.

ಈ ಕದನವನ್ನು ನೆನೆಯುವಾಗ ಥೆಸ್ಪಿಯದ ಹೆಸರು ಮೊದಲು ಬರಬೇಕೆಂದು ನಾನು ನಂಬಿದ್ದೇನೆ. ಅದು ಸಣ್ಣ ಊರು. 700 ಎಂಬುದು ಬಹುಶಃ ಕವಚ ಕೊಳ್ಳಬಲ್ಲ ಅಲ್ಲಿನ ಗಂಡಸರಲ್ಲಿ ಬಹುಪಾಲು. ಅವರೆಲ್ಲ ಸತ್ತ ಮೇಲೆ ಕ್ಸರ್ಕ್ಸಿಸ್ ಅವರ ಊರನ್ನೂ ಸುಟ್ಟ. ಮರುವರ್ಷ ಪ್ಲಟಿಯದ ಕದನಕ್ಕೆ ಅಳಿದುಳಿದ 1,800 ಥೆಸ್ಪಿಯದವರು ಬಂದರು, ಮೈಮೇಲೆ ಕವಚವಿಲ್ಲದೆ.

ಅಥೆನ್ಸ್‌ಗೆ ಅಷ್ಟೊಂದು ಹಡಗುಗಳು ಎಲ್ಲಿಂದ ಬಂದವು? ಸಲಾಮಿಸ್‌ನಲ್ಲಿ ಗೆದ್ದದ್ದು ಹೇಗೆ?

ಹಡಗುಗಳು ಬಂದದ್ದು ಬೆಳ್ಳಿಯಿಂದ. ಸುಮಾರು 483ರಲ್ಲಿ ಲೌರಿಯನ್ ಗಣಿಗಳಲ್ಲಿ ಬೆಳ್ಳಿ ಹೇರಳವಾಗಿ ಸಿಕ್ಕಿತು. ಅದನ್ನು ನಾಗರಿಕರಿಗೆ ತಲೆಗೆ 10 ದ್ರಾಕ್ಮಾದಂತೆ ಹಂಚಬೇಕೆಂಬ ಮಾತಿತ್ತು. ಅಥೆನ್ಸ್‌ನ ನಾಯಕ ಥೆಮಿಸ್ಟೋಕ್ಲಿಸ್ ಅದನ್ನು ತಡೆದು, ನೆರೆಯ ಏಜಿನಾ ದ್ವೀಪದ ಮೇಲಿನ ಯುದ್ಧದ ಕಾರಣ ಕೊಟ್ಟು, ಸಭೆಯನ್ನು ಹಡಗು ಕಟ್ಟಲು ಒಪ್ಪಿಸಿದ. ಒಂದೊಂದು ಟ್ರೈರೀಮ್‌ನಲ್ಲಿ ಮೂರು ಅಂತಸ್ತುಗಳಲ್ಲಿ ಕೂತು ಹುಟ್ಟು ಹಾಕುವವರು 170, ಎಲ್ಲ ಸೇರಿ 200 ಜನ. ಮೂತಿಯಲ್ಲಿ ಎದುರಾಳಿ ಹಡಗನ್ನು ಗುದ್ದುವ ಕಂಚಿನ ಕೊಂಬು. ಕವಚ ಕೊಳ್ಳಲಾಗದ ಬಡ ನಾಗರಿಕರೇ ಹುಟ್ಟುಗಳ ಮುಂದೆ ಕೂತರು. ಮುಂದೆ ಅಥೆನ್ಸ್‌ನ ಪ್ರಜಾಪ್ರಭುತ್ವದಲ್ಲಿ ಇವರ ಮಾತಿಗೆ ತೂಕ ಬಂದದ್ದು ಇದರಿಂದಲೇ. ಗಣಿಯೊಳಗೆ ಆ ಬೆಳ್ಳಿಯನ್ನು ಅಗೆದವರು ಗುಲಾಮರು ಎಂಬುದನ್ನೂ ಇಲ್ಲೇ ಹೇಳಬೇಕು.

ಥರ್ಮೋಪಿಲೆ ಬಿದ್ದ ಮೇಲೆ ಅಥೆನ್ಸಿಗರು ಊರು ಖಾಲಿ ಮಾಡಿದರು. ಅನೇಕ ಹೆಂಗಸರೂ ಮಕ್ಕಳೂ ಟ್ರೀಜೆನ್ ಎಂಬ ಊರಿಗೆ ಹೋದರು. ಆ ಊರಿನವರು ಪ್ರತಿಯೊಬ್ಬರಿಗೂ ದಿನಕ್ಕೆ ಎರಡು ಓಬಲ್ ಭತ್ಯೆ ಕೊಟ್ಟು, ಮಕ್ಕಳು ಯಾರ ಮರದ ಹಣ್ಣನ್ನಾದರೂ ಕೀಳಬಹುದೆಂದು ಅಪ್ಪಣೆ ಮಾಡಿ, ಪಾಠ ಹೇಳುವವರ ಸಂಬಳವನ್ನೂ ತಾವೇ ಹೊತ್ತರೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಇಡೀ ಯುದ್ಧದ ಕಥನದಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದ ವಿವರ ಇದು.

ಗ್ರೀಕ್ ದಳಪತಿಗಳಲ್ಲಿ ಹಲವರು ಹಿಂದೆ ಸರಿದು ಕಾರಿಂತ್ ಬಳಿ ಕಾದಬೇಕೆಂದಿದ್ದರು. ಆಗ ಥೆಮಿಸ್ಟೋಕ್ಲಿಸ್, ಗ್ರೀಕರು ಓಡಿಹೋಗಲಿದ್ದಾರೆ ಎಂಬ ಸಂದೇಶವನ್ನು ತನ್ನ ಮಕ್ಕಳ ಪಾಲಕನಾಗಿದ್ದ ಸಿಕಿನ್ನಸ್ ಎಂಬ ಗುಲಾಮನ ಮೂಲಕ ಪರ್ಷಿಯದ ಪಾಳೆಯಕ್ಕೆ ಕಳಿಸಿದ. ಪರ್ಷಿಯದವರು ಸಲಾಮಿಸ್ ದ್ವೀಪದ ಜಲಸಂಧಿಯ ಬಾಯಿಗಳನ್ನು ಮುಚ್ಚಿ, ರಾತ್ರಿಯಿಡೀ ಹುಟ್ಟು ಹಾಕುತ್ತ ಕಾದು, ಬೆಳಿಗ್ಗೆ ಇಕ್ಕಟ್ಟಿನ ನೀರಿಗೆ ನುಗ್ಗಿದರು. ಅಲ್ಲಿ ಸಂಖ್ಯೆಯೇ ಅವರಿಗೆ ತೊಡಕಾಯಿತು. ಮುಂದಿನ ಹಡಗು ಹಿಂದೆ ಸರಿಯಲು, ಹಿಂದಿನದು ಮುಂದೆ ಬರಲು ಹೋಗಿ ಒಂದಕ್ಕೊಂದು ಬಡಿದವು. ಪರ್ಷಿಯದ ಪರ ಕಾದುತ್ತಿದ್ದ ಹ್ಯಾಲಿಕಾರ್ನಾಸಸ್‌ನ ರಾಣಿ ಆರ್ಟಿಮಿಸಿಯ ತಪ್ಪಿಸಿಕೊಳ್ಳುವ ಆತುರದಲ್ಲಿ ತಮ್ಮದೇ ಕಡೆಯ ಹಡಗೊಂದನ್ನು ಗುದ್ದಿ ಮುಳುಗಿಸಿದಳು. ಬೆಟ್ಟದ ತಪ್ಪಲಲ್ಲಿ ಕೂತು ನೋಡುತ್ತಿದ್ದ ಕ್ಸರ್ಕ್ಸಿಸ್ ಅದನ್ನು ಶತ್ರುವಿನ ಹಡಗೆಂದು ತಿಳಿದು ಅವಳನ್ನು ಮೆಚ್ಚಿದ.

ಸಲಾಮಿಸ್ ಗೆದ್ದ ಮೇಲೆ ಯುದ್ಧ ಮುಗಿಯಿತಲ್ಲವೇ?

ಮುಗಿಯಲಿಲ್ಲ. ಕ್ಸರ್ಕ್ಸಿಸ್ ಹಿಂದಿರುಗಿದರೂ ಅವನ ದಳಪತಿ ಮಾರ್ಡೋನಿಯಸ್ ಆಯ್ದ ಸೇನೆಯೊಡನೆ ಉಳಿದ; ಅಥೆನ್ಸ್ ಎರಡನೆಯ ಬಾರಿ ಅವನ ಕೈಗೆ ಬಿತ್ತು. ಭೂಸೇನೆಯ ಪ್ರಶ್ನೆ ತೀರ್ಮಾನವಾದದ್ದು 479ರಲ್ಲಿ ಪ್ಲಟಿಯದ ಬಯಲಿನಲ್ಲಿ. ಅಲ್ಲಿ ಸ್ಪಾರ್ಟಾದ ಪಾಸಾನಿಯಾಸ್‌ನ ಕೈಕೆಳಗೆ ಗ್ರೀಕರು ಗೆದ್ದರು, ಮಾರ್ಡೋನಿಯಸ್ ಸತ್ತ. ಧೈರ್ಯದಲ್ಲೂ ಬಲದಲ್ಲೂ ಪರ್ಷಿಯದವರು ಕಡಿಮೆ ಇರಲಿಲ್ಲ, ಕವಚ ಇಲ್ಲದ್ದೇ ಅವರನ್ನು ಸೋಲಿಸಿತು ಎಂದು ಹೆರೊಡೋಟಸ್ ಸ್ಪಷ್ಟವಾಗಿ ಹೇಳುತ್ತಾನೆ. ಅದೇ ಸುಮಾರಿಗೆ ಏಷ್ಯಾದ ತೀರದ ಮೈಕಲೆಯಲ್ಲಿ ಪರ್ಷಿಯದ ನೌಕಾಪಡೆಯ ಉಳಿಕೆಯೂ ನಾಶವಾಯಿತು.

ಕ್ಸರ್ಕ್ಸಿಸ್‌ನ ಸೇನೆಯಲ್ಲಿ ಭಾರತೀಯರೂ ಇದ್ದರು ಎನ್ನುತ್ತಾರೆ. ಹೌದೇ?

ಹೌದು. ಡೇರಿಯಸ್‌ನ ಕಾಲದಲ್ಲಿ ಸಿಂಧೂ ನದಿಯ ಪ್ರದೇಶ ಪರ್ಷಿಯದ ಪ್ರಾಂತವಾಗಿತ್ತು. ಅವನ ಶಾಸನಗಳಲ್ಲಿ ‘ಹಿಂದುಶ್’ ಎಂಬ ಹೆಸರಿದೆ. ಹತ್ತಿಯ ಬಟ್ಟೆ ತೊಟ್ಟು, ಬೆತ್ತದ ಬಿಲ್ಲು ಮತ್ತು ಕಬ್ಬಿಣದ ಮೊನೆಯ ಬೆತ್ತದ ಬಾಣ ಹಿಡಿದ ಭಾರತೀಯರನ್ನು ಹೆರೊಡೋಟಸ್ ವರ್ಣಿಸುತ್ತಾನೆ. ಗಾಂಧಾರದವರನ್ನು ಬೇರೆಯಾಗಿ ಹೆಸರಿಸುತ್ತಾನೆ. ಮಾರ್ಡೋನಿಯಸ್ ತನ್ನೊಡನೆ ಉಳಿಸಿಕೊಂಡ ಆಯ್ದ ಪಡೆಗಳಲ್ಲೂ ಭಾರತೀಯರಿದ್ದು, ಅವರು ಪ್ಲಟಿಯದ ಸಾಲಿನಲ್ಲಿ ನಿಂತರು. ಇವರೆಲ್ಲ ವಾಯವ್ಯ ಭಾಗದ ಜನ. ವಿಂಧ್ಯದ ದಕ್ಷಿಣಕ್ಕೆ ಪರ್ಷಿಯದ ಆಳ್ವಿಕೆ ಎಂದೂ ಬರಲಿಲ್ಲ.

## ಇನ್ನಷ್ಟು ಆಳಕ್ಕೆ

ಹದಿನೇಳು ಲಕ್ಷ ಕಾಲಾಳುಗಳು ಎಂಬ ಲೆಕ್ಕವನ್ನು ನಂಬಬಹುದೇ?

ನಂಬಲಾಗದು. ಕ್ಸರ್ಕ್ಸಿಸ್‌ನ ಸೇನೆಯನ್ನು ಎಣಿಸಿದ ಬಗೆಯನ್ನು ಹೆರೊಡೋಟಸ್ ವಿವರವಾಗಿಯೇ ಹೇಳುತ್ತಾನೆ. ಡೋರಿಸ್ಕಸ್ ಎಂಬಲ್ಲಿ ಹತ್ತು ಸಾವಿರ ಜನರನ್ನು ಒತ್ತೊತ್ತಾಗಿ ನಿಲ್ಲಿಸಿ, ಸುತ್ತ ಗೆರೆ ಎಳೆದು, ಅವರನ್ನು ಕಳಿಸಿ, ಆ ಗೆರೆಯ ಮೇಲೆ ಹೊಕ್ಕುಳೆತ್ತರದ ಗೋಡೆ ಕಟ್ಟಿ, ಆ ಆವರಣವನ್ನು ಮತ್ತೆ ಮತ್ತೆ ತುಂಬಿಸಿ ಖಾಲಿ ಮಾಡಿದರಂತೆ. ಬಳ್ಳದಿಂದ ರಾಗಿ ಅಳೆದಂತೆ ಸೇನೆಯನ್ನು ಅಳೆದ ಈ ಚಿತ್ರ ಮರೆಯುವಂಥದ್ದಲ್ಲ, ಆದರೆ ಅಷ್ಟು ಜನರಿಗೂ ಪ್ರಾಣಿಗಳಿಗೂ ಆ ದಾರಿಯಲ್ಲಿ ನೀರು, ಧಾನ್ಯ ಒದಗುವುದು ಅಸಾಧ್ಯ. ಇಂದಿನ ಇತಿಹಾಸಕಾರರ ಅಂದಾಜುಗಳು ಬೇರೆ ಬೇರೆಯಾಗಿದ್ದರೂ ಹೆಚ್ಚಿನವು ಒಂದೆರಡು ಲಕ್ಷದ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ನಿಲ್ಲುತ್ತವೆ.

ಪರ್ಷಿಯದವರು ಈ ಯುದ್ಧದ ಬಗ್ಗೆ ಏನು ಬರೆದಿಟ್ಟಿದ್ದಾರೆ?

ಕದನಗಳ ಕಥನವೆಂದು ಕರೆಯಬಹುದಾದ ಒಂದು ಬರಹವೂ ಅವರ ಕಡೆಯಿಂದ ನಮಗೆ ಉಳಿದಿಲ್ಲ. ನಾವು ಓದುವುದೆಲ್ಲ ಗ್ರೀಕರ ಮಾತು: ಸಲಾಮಿಸ್ ಕಾಲದವನೇ ಆದ ಏಸ್ಕೈಲಸ್ 472ರಲ್ಲಿ ಆಡಿಸಿದ ‘ಪರ್ಷಿಯನ್ನರು’ ನಾಟಕ, ಅದಾದ ಕೆಲವು ದಶಕಗಳ ನಂತರದ ಹೆರೊಡೋಟಸ್. ಹೆರೊಡೋಟಸ್ ಹುಟ್ಟಿದ ಹ್ಯಾಲಿಕಾರ್ನಾಸಸ್ ಪರ್ಷಿಯದ ಆಳ್ವಿಕೆಗೆ ಒಳಪಟ್ಟಿದ್ದ ಊರು ಎಂಬುದು ಅವನ ಸಮತೂಕವನ್ನು ಸ್ವಲ್ಪ ವಿವರಿಸುತ್ತದೆ.

ಆದರೂ ಪರ್ಷಿಯದ ಧ್ವನಿ ಪೂರ್ತಿ ಅಡಗಿಲ್ಲ. ಸೂಸಾ ಅರಮನೆಯ ಶಾಸನದಲ್ಲಿ ಡೇರಿಯಸ್, ಕಲ್ಲು ಕೆತ್ತಿದವರು ಅಯೋನಿಯದವರೂ ಸಾರ್ಡಿಸ್‌ನವರೂ ಎಂದು ಹೇಳಿಕೊಂಡಿದ್ದಾನೆ. ಕ್ರಿ.ಶ. 1933ರಲ್ಲಿ ಪರ್ಷಿಯದ ರಾಜಧಾನಿಯಾಗಿದ್ದ ಪರ್ಸೆಪೊಲಿಸ್‌ನ ಕೋಟೆಗೋಡೆಯಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಹೆಚ್ಚಿನವು ಈಲಮೈಟ್ ಭಾಷೆಯಲ್ಲಿರುವ ಇವು 509ರಿಂದ 493ರವರೆಗಿನ ಪಡಿ ಲೆಕ್ಕಗಳು. ಯಾರಿಗೆ ಎಷ್ಟು ಧಾನ್ಯ, ಎಷ್ಟು ಬಿಯರ್, ಯಾವ ಪ್ರಯಾಣಕ್ಕೆ ಎಂಬುದೆಲ್ಲ ಇದೆ. ಸಾರ್ಡಿಸ್‌ನಿಂದ ಅರಸನ ಬಳಿಗೆ ಹೊರಟ ದಾತಿಯ ಎಂಬ ಅಧಿಕಾರಿ ಪಡಿ ಪಡೆದದ್ದು ಒಂದರಲ್ಲಿ ದಾಖಲಾಗಿದೆ. ಇವನೇ ಮುಂದೆ ಮ್ಯಾರಥಾನ್‌ಗೆ ಬಂದ ದಾತಿಸ್ ಎಂದು ವಿದ್ವಾಂಸರು ಗುರುತಿಸುತ್ತಾರೆ. ಇನ್ನೊಂದು ಫಲಕ ಗ್ರೀಕ್ ಲಿಪಿಯಲ್ಲೇ ಇದ್ದು, ಎರಡು ಅಳತೆ ದ್ರಾಕ್ಷಾರಸದ ಲೆಕ್ಕ ಹೇಳುತ್ತದೆ. ಅಂದರೆ ಸಾಮ್ರಾಜ್ಯದ ಉಗ್ರಾಣದಲ್ಲೇ ಗ್ರೀಕ್ ಬರೆಯಬಲ್ಲವನೊಬ್ಬ ಇದ್ದ.

ಇದು ಸ್ವಾತಂತ್ರ್ಯಕ್ಕೂ ಗುಲಾಮಗಿರಿಗೂ ನಡೆದ ಯುದ್ಧ ಎನ್ನಬಹುದೇ?

ಕಾದಿದ ಗ್ರೀಕರು ಹಾಗೆಯೇ ಅಂದುಕೊಂಡಿದ್ದರು, ಆ ನಂಬಿಕೆಯನ್ನು ಹಗುರವಾಗಿ ಕಾಣಲಾಗದು. ಮೈಲೀಟಸ್ ಮತ್ತು ಎರಿಟ್ರಿಯದ ಜನರನ್ನು ಹಿಡಿದು ಸಾವಿರಾರು ಕಿಲೋಮೀಟರ್ ದೂರಕ್ಕೆ ಸಾಗಿಸಿದ್ದನ್ನು ಅವರು ಕಂಡಿದ್ದರು. ಆದರೆ ಪ್ಲಟಿಯದಲ್ಲಿ ಒಬ್ಬೊಬ್ಬ ಸ್ಪಾರ್ಟಾದ ಯೋಧನ ಹಿಂದೆ ಏಳು ಹೆಲಟರು ಇದ್ದರು. ಇವರು ಸ್ಪಾರ್ಟಾ ಜೀತಕ್ಕಿಟ್ಟುಕೊಂಡಿದ್ದ ಗ್ರೀಕರೇ. ಇನ್ನೊಂದು ಕಡೆ, ಅಯೋನಿಯದ ದಂಗೆ ಅಡಗಿದ ಮೇಲೆ ಆರ್ಟಫರ್ನೀಸ್ ಊರೂರಿನ ಪ್ರತಿನಿಧಿಗಳನ್ನು ಕರೆಸಿ, ಪರಸ್ಪರ ಸುಲಿಗೆ ಬಿಟ್ಟು ವ್ಯಾಜ್ಯಗಳನ್ನು ನ್ಯಾಯದಿಂದ ತೀರಿಸಿಕೊಳ್ಳುವಂತೆ ಒಪ್ಪಂದ ಮಾಡಿಸಿ, ಭೂಮಿ ಅಳೆಸಿ ಕಂದಾಯ ನಿಗದಿ ಮಾಡಿದ. 492ರಲ್ಲಿ ಮಾರ್ಡೋನಿಯಸ್ ಅಲ್ಲಿನ ನಿರಂಕುಶಾಧಿಕಾರಿಗಳನ್ನು ಇಳಿಸಿ ಜನರ ಆಡಳಿತವನ್ನೇ ತಂದ. ನನ್ನ ತಿಳಿವಳಿಕೆಯಲ್ಲಿ ಗ್ರೀಕರು ಕಾದಿದ್ದು ಪೊಲಿಸ್‌ನ ಸ್ವಾಧೀನತೆಗಾಗಿ, ಅಂದರೆ ತಮ್ಮ ಊರನ್ನು ಹೊರಗಿನವರ ಅಪ್ಪಣೆಯಿಲ್ಲದೆ ತಾವೇ ಆಳುವ ಹಕ್ಕಿಗಾಗಿ. ಆ ಹಕ್ಕಿನಲ್ಲಿ ಹೆಂಗಸರಿಗೂ ಗುಲಾಮರಿಗೂ ಪಾಲಿರಲಿಲ್ಲ.

ಸಲಾಮಿಸ್ ಗೆಲ್ಲಿಸಿದ ಥೆಮಿಸ್ಟೋಕ್ಲಿಸ್ ಪರ್ಷಿಯಕ್ಕೇ ಹೋಗಿ ಸೇರಿದನಂತೆ, ಏಕೆ?

ಅಥೆನ್ಸ್‌ನಲ್ಲಿ ಮಡಕೆಯ ಚೂರುಗಳ ಮೇಲೆ ಹೆಸರು ಬರೆದು, ಪ್ರಬಲನಾದ ಒಬ್ಬನನ್ನು ಹತ್ತು ವರ್ಷ ಹೊರಹಾಕುವ ಪದ್ಧತಿ ಇತ್ತು. ಸುಮಾರು 471ರಲ್ಲಿ ಅದು ಅವನ ಮೇಲೆ ಬಿತ್ತು. ಅಥೆನ್ಸ್‌ನ ಕೋಟೆಗುಡ್ಡವಾದ ಅಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಬಾವಿಯೊಂದರಲ್ಲಿ ಅವನ ಹೆಸರಿನ ಸುಮಾರು 190 ಚೂರುಗಳು ಸಿಕ್ಕಿವೆ; ಅವೆಲ್ಲ ಕೆಲವೇ ಕೈಗಳ ಬರಹ. ವಿರೋಧಿಗಳು ಮೊದಲೇ ಬರೆಸಿ ಹಂಚಲು ಇಟ್ಟುಕೊಂಡಿದ್ದರು ಎಂದು ಇದರಿಂದ ಊಹಿಸಬಹುದು. ನಂತರ ಪರ್ಷಿಯದೊಂದಿಗೆ ಒಳಸಂಚಿನ ಆರೋಪವೂ ಬಂದು, ಅವನು ತಲೆಮರೆಸಿಕೊಂಡು ಕೊನೆಗೆ ಪರ್ಷಿಯದ ಅರಸ ಅರ್ಟಕ್ಸರ್ಕ್ಸಿಸ್‌ನ ಆಶ್ರಯ ಪಡೆದ. ಒಂದು ವರ್ಷದಲ್ಲಿ ಅವರ ಭಾಷೆ ಕಲಿತನೆಂದೂ, ರೊಟ್ಟಿಗೆ ಮಗ್ನೀಸಿಯ, ದ್ರಾಕ್ಷಾರಸಕ್ಕೆ ಲಾಂಪ್ಸಕಸ್, ಮೇಲೋಗರಕ್ಕೆ ಮೈಯಸ್ ಎಂದು ಅರಸ ಮೂರು ಊರುಗಳನ್ನು ಉಂಬಳಿ ಕೊಟ್ಟನೆಂದೂ ಇತಿಹಾಸಕಾರ ಥ್ಯುಸಿಡೈಡಿಸ್ ದಾಖಲಿಸಿದ್ದಾನೆ.

ಹಾಗಾದರೆ ಕೊನೆಗೆ ಗೆದ್ದವರು ಯಾರು?

ಯಾವ ವರ್ಷದಲ್ಲಿ ನಿಂತು ನೋಡುತ್ತೇವೆ ಎಂಬುದನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ. 479ರಲ್ಲಿ ಗ್ರೀಕರು. ಮುಂದೆ ಅಥೆನ್ಸ್ ಪರ್ಷಿಯದ ವಿರುದ್ಧವೆಂದು ಕಟ್ಟಿದ ಡೆಲೋಸ್ ಕೂಟವನ್ನು ನಿಧಾನವಾಗಿ ತನ್ನದೇ ಸಾಮ್ರಾಜ್ಯವಾಗಿಸಿ, 454ರ ಹೊತ್ತಿಗೆ ಅದರ ಖಜಾನೆಯನ್ನು ತನ್ನ ಊರಿಗೇ ತಂದುಕೊಂಡಿತು. ಬಿಟ್ಟುಹೋಗಲು ಯತ್ನಿಸಿದ ಊರುಗಳನ್ನು ಬಲದಿಂದ ಅಡಗಿಸಿತು. 431ರಿಂದ 404ರವರೆಗೆ ಅಥೆನ್ಸ್ ಮತ್ತು ಸ್ಪಾರ್ಟಾ ತಮ್ಮಲ್ಲೇ ಕಾದಾಡಿದವು. ಕೊನೆಯ ಹಂತದಲ್ಲಿ ಪರ್ಷಿಯದ ಹಣದಿಂದ ಹಡಗುಗಳನ್ನು ಕಟ್ಟಿ, ಹುಟ್ಟು ಹಾಕುವವರಿಗೆ ಹೆಚ್ಚು ಸಂಬಳ ಕೊಟ್ಟು ಸ್ಪಾರ್ಟಾ ಗೆದ್ದಿತು; ಪ್ರತಿಯಾಗಿ ಏಷ್ಯಾದ ಗ್ರೀಕ್ ಊರುಗಳ ಮೇಲೆ ಅರಸನ ಹಕ್ಕನ್ನು ಒಪ್ಪಿತು. 387ರಲ್ಲಿ ಎರಡನೆಯ ಅರ್ಟಕ್ಸರ್ಕ್ಸಿಸ್ ಹೊರಡಿಸಿದ ಶಾಂತಿಯ ಶಾಸನವನ್ನು ಗ್ರೀಕ್ ಊರುಗಳೆಲ್ಲ ಒಪ್ಪಬೇಕಾಯಿತು. ಅಯೋನಿಯ ಮತ್ತೆ ಪರ್ಷಿಯದ್ದಾಯಿತು. ಕ್ಸರ್ಕ್ಸಿಸ್‌ನ ಸೇನೆಗೆ ಆಗದಿದ್ದುದು ಅವನ ಮೊಮ್ಮಗ, ಮರಿಮೊಮ್ಮಗರ ಕಾಲದ ಹಣಕ್ಕೂ ರಾಜತಂತ್ರಕ್ಕೂ ಆಯಿತು.

ಅಲೆಕ್ಸಾಂಡರ್ ಪರ್ಷಿಯದ ಮೇಲೆ ಹೋದದ್ದು ಈ ಹಳೆಯ ಯುದ್ಧದ ಸೇಡಿಗಾಗಿಯೇ?

ಅವನು ಹೊರಗೆ ಹೇಳಿಕೊಂಡದ್ದು ಅದನ್ನೇ. 335ರಲ್ಲಿ ಥೀಬ್ಸ್ ದಂಗೆ ಎದ್ದಾಗ ಅದನ್ನು ನೆಲಸಮ ಮಾಡಲು ಕೊಟ್ಟ ಕಾರಣಗಳಲ್ಲಿ, ಒಂದೂವರೆ ಶತಮಾನದ ಹಿಂದೆ ಅದು ಕ್ಸರ್ಕ್ಸಿಸ್‌ನ ಪರ ನಿಂತಿದ್ದೂ ಸೇರಿತ್ತು. 330ರಲ್ಲಿ ಪರ್ಸೆಪೊಲಿಸ್‌ನ ಅರಮನೆ ಸುಟ್ಟದ್ದಕ್ಕೂ 480ರಲ್ಲಿ ಕ್ಸರ್ಕ್ಸಿಸ್‌ನ ಸೇನೆ ಅಥೆನ್ಸ್‌ನ ಅಕ್ರೊಪೊಲಿಸ್‌ಗೆ ಹಚ್ಚಿದ ಬೆಂಕಿಯ ಸೇಡೆಂಬ ವಿವರಣೆ ಬಂತು. ಆದರೆ 334ರಲ್ಲಿ ಗ್ರಾನಿಕಸ್ ನದಿಯ ಬಳಿಯ ಮೊದಲ ಕದನದಲ್ಲೇ ಪರ್ಷಿಯದ ಕಡೆ ಸಾವಿರಾರು ಗ್ರೀಕ್ ಕೂಲಿ ಸೈನಿಕರಿದ್ದರು. ಸೆರೆಸಿಕ್ಕ 2,000 ಜನರನ್ನು, ಗ್ರೀಕರಾಗಿಯೂ ಗ್ರೀಕರ ವಿರುದ್ಧ ಕಾದಿದರೆಂಬ ಅಪರಾಧಕ್ಕೆ, ಸಂಕೋಲೆ ಹಾಕಿ ದುಡಿಮೆಗೆಂದು ಮ್ಯಾಸಿಡೋನಿಯಕ್ಕೆ ಕಳಿಸಲಾಯಿತು. ಅವರಲ್ಲಿ ಅಥೆನ್ಸಿಗರೂ ಇದ್ದರು. ತನ್ನವರನ್ನು ಬಿಡಬೇಕೆಂದು ಅಥೆನ್ಸ್ ದೂತರನ್ನು ಕಳಿಸಿ ಬೇಡಿಕೊಂಡಿತು, ಅಲೆಕ್ಸಾಂಡರ್ ಮೊದಲ ಸಲ ನಿರಾಕರಿಸಿದ, 331ರಲ್ಲಿ ಒಪ್ಪಿದ.